ಹರಿಹರದ ಅರಿಶಿನ ವಿಮಾನ

ದಾವಣಗೆರೆಯ ವಿದ್ಯಾನಗರದಲ್ಲಿ ನಾನು ಬಾಡಿಗೆಗಿದ್ದ ಮನೆಯ ಯಜಮಾನರನ್ನು ಇಡೀ ಬೀದಿ ಪೈಲಟ್ ಅಜ್ಜ ಎಂದೇ ಕರೆಯುತ್ತಿತ್ತು. ತೊಂಬತ್ತರ ದಶಕದ ಕೊನೆಯ ಮಾತಿದು. ನನಗಾಗ ಇಪ್ಪತ್ತಾರು ವರ್ಷ. ಹರಿಹರದ ಒಂದು ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದೆ. ಬೆಳಿಗ್ಗೆ ಬಸ್ಸು ಹಿಡಿದು ಹರಿಹರಕ್ಕೆ ಹೋಗುವುದು, ಸಂಜೆ ವಾಪಸು ಬಂದು ಮಹಡಿಯ ಮೇಲಿನ ಕೋಣೆ ಸೇರುವುದು. ಕೆಳಗೆ ಅಜ್ಜ, ಅಜ್ಜಿ. ಮಲೆಬೆನ್ನೂರಿಗೆ ಕೊಟ್ಟಿದ್ದ ಮಗಳು ವಾರಕ್ಕೊಮ್ಮೆ ಅಕ್ಕಿ ಚೀಲವನ್ನೋ ಜಗಳವನ್ನೋ ಹೊತ್ತುಕೊಂಡು ಬಂದು ಹೋಗುತ್ತಿದ್ದಳು.

ಅಜ್ಜ ನಿಜಕ್ಕೂ ವಾಯುಸೇನೆಯಲ್ಲಿದ್ದವರು. ದೇಶಕ್ಕೆ ಸ್ವಾತಂತ್ರ್ಯ ಬಂದ ಹೊಸದರಲ್ಲಿ ಸೇರಿ, ದೂರದ ಜೋಧಪುರದಲ್ಲಿ ಹೊಸ ಪೈಲಟ್‌ಗಳಿಗೆ ತರಬೇತಿ ಕೊಡುವ ಕಡೆ ಇದ್ದರಂತೆ. ಅಲ್ಲಿ ಹಾರಿಸುತ್ತಿದ್ದ ವಿಮಾನದ ಹೆಸರು ಟೈಗರ್ ಮಾತ್. ಒಂದರ ಮೇಲೊಂದು ಎರಡು ಜೊತೆ ರೆಕ್ಕೆ, ತಲೆಯ ಮೇಲೆ ಸೂರಿಲ್ಲದ ಎರಡು ಸೀಟು, ಮೂಗಿನ ಮೇಲೆ ಮರದ ಫ್ಯಾನು. ಹಾಲಿನ ಗೋಡೆಯಲ್ಲಿ ವಿಭೂತಿ ಧರಿಸಿದ ಅವರ ತಂದೆಯ ಫೋಟೋ, ಅದರ ಪಕ್ಕದ ಮೊಳೆಗೆ ಒಂದು ಚರ್ಮದ ಟೋಪಿ, ಗಾಜು ಬಿರುಕು ಬಿಟ್ಟ ಹಾರಾಟದ ಕನ್ನಡಕ. ಬಂದವರೆಲ್ಲ ಮೊದಲು ಕೈಮುಗಿಯುತ್ತಿದ್ದುದು ಫೋಟೋಗೋ ಟೋಪಿಗೋ ನನಗೆ ಕೊನೆಗೂ ಗೊತ್ತಾಗಲಿಲ್ಲ.

ಸಂಜೆ ಕಟ್ಟೆಯ ಮೇಲೆ ಕುಳಿತರೆ ಅಜ್ಜನ ಕತೆ ಶುರು. "ಬ್ರೇಕ್ ಇರ್ಲಿಲ್ರಿ ಟೀಚರಮ್ಮ ಅದಕ್ಕೆ. ಹಿಂದ್ಗಡೆ ಬಾಲದ ಕೆಳಗೆ ಒಂದು ಕಬ್ಬಣದ ಪಟ್ಟಿ, ಅದು ನೆಲ ಕೆರಕೊಂಡು ಬಂದು ತಾನೇ ನಿಲ್ಲಬೇಕು. ಬ್ಯಾಟ್ರಿ ಇಲ್ಲ, ವೈರು ಇಲ್ಲ. ರೇಡಿಯೋನೂ ಇಲ್ಲ. ಮೇಷ್ಟ್ರು ಮುಂದ್ಗಡೆ ಸೀಟು, ಹುಡುಗ ಹಿಂದ್ಗಡೆ ಸೀಟು. ನಡುವೆ ಒಂದು ರಬ್ಬರ್ ಪೈಪು. ಮೇಷ್ಟ್ರು ಆ ಪೈಪಿನಾಗೆ ಬಯ್ದಿದ್ದು ನೆಟ್ಟಗೆ ಹುಡುಗನ ಕಿವಿಗೇ ಬೀಳೋದು."

ನಾನು ಇತಿಹಾಸದವಳು. ಹೇಳಿದ್ದನ್ನು ಹಾಗೇ ನುಂಗುವ ಜಾತಿಯಲ್ಲ. ಅಲ್ಲೇ ಹತ್ತಿರದ ಕಾಲೇಜಿನ ಲೈಬ್ರರಿಯಲ್ಲಿ ಗೆಳತಿಯ ಕಾರ್ಡಿನ ಮೇಲೆ ಹಳೆಯ ವಿಮಾನಗಳ ಬಗ್ಗೆ ಒಂದು ದಪ್ಪ ಇಂಗ್ಲಿಷ್ ಪುಸ್ತಕ ತಂದೆ. ಅಜ್ಜನನ್ನು ಎಲ್ಲಾದರೂ ಹಿಡಿದುಹಾಕಬೇಕು ಎಂಬುದು ನನ್ನ ದುರುದ್ದೇಶ. ರಾತ್ರಿಯ ಊಟಕ್ಕೆ ಮೊದಲು ಓದಿದ್ದನ್ನು ಮರುದಿನ ಸಂಜೆ ಏನೂ ಗೊತ್ತಿಲ್ಲದವಳ ಹಾಗೆ ಕೇಳುತ್ತಿದ್ದೆ.

"ಅಜ್ಜಾರೆ, ಮೇಲಿನ ರೆಕ್ಕೆ ಸ್ವಲ್ಪ ಹಿಂದಕ್ಕೆ ಬಾಗಿರ್ತಿತ್ತಂತೆ, ಯಾಕೆ?"

"ಮುಂದಿನ ಸೀಟಿನಾಗೆ ಕುಂತ ಮೇಷ್ಟ್ರು ಪ್ಯಾರಾಚೂಟು ಕಟ್ಕೊಂಡು ಹೊರಗೆ ಜಿಗೀಬೇಕಾದ್ರೆ ನೆತ್ತಿಗೆ ರೆಕ್ಕೆ ಅಡ್ಡ ಬರ್ತಿತ್ತು. ಅದಕ್ಕೆ ರೆಕ್ಕೆ ಮುಂದಕ್ಕೆ ಸರಿಸಿ, ತುದಿ ಹಿಂದಕ್ಕೆ ಎಳೆದ್ರು."

ಪುಸ್ತಕದಲ್ಲೂ ಅದೇ ಇತ್ತು. ಪೆಟ್ರೋಲ್ ಟ್ಯಾಂಕು ಎಲ್ಲಿ ಎಂದರೆ ಮೇಲಿನ ರೆಕ್ಕೆಯ ನಟ್ಟನಡುವೆ, ಅದರ ನೆತ್ತಿಯ ಮೇಲೆ ತೇಲುವ ಕಡ್ಡಿ ನೋಡಿ ಎಷ್ಟು ಉಳಿದಿದೆ ತಿಳಿಯಬೇಕು ಎಂದರು. ರೆಕ್ಕೆಯ ಒಳಗೆ ಮರ, ಹೊರಗೆ ಬಟ್ಟೆ. ಬಟ್ಟೆಯ ಮೇಲೆ ಡೋಪ್ ಎಂಬ ದ್ರಾವಣ ಬಳಿದರೆ ಅದು ಬಿಗಿದು ತಮಟೆಯಂತಾಗುತ್ತದೆ, ಕಳಿತ ಬಾಳೆಹಣ್ಣಿನ ವಾಸನೆ ಹೊಡೆಯುತ್ತದೆ, ಬಾಗಿಲು ಮುಚ್ಚಿಕೊಂಡು ಬಳಿದರೆ ಕುಡಿದವರ ಹಾಗೆ ತಲೆ ತಿರುಗುತ್ತದೆ ಎಂದೂ ಹೇಳಿದರು. ಪುಸ್ತಕವೇ ಸೋತಿತು. ಆದರೆ ಒಂದು ಪ್ರಶ್ನೆಗೆ ಮಾತ್ರ ಅಜ್ಜ ಯಾವಾಗಲೂ ಜಾರಿಕೊಳ್ಳುತ್ತಿದ್ದರು.

"ಮೇಲಿಂದ ನೆಲ ಹೆಂಗೆ ಕಾಣ್ತಿತ್ತು ಅಜ್ಜಾರೆ?"

"ಏ ಇವಳೇ, ಟೀಚರಮ್ಮಗೆ ಕಾಫಿ ಕೊಡು."

ಒಳಗಿನಿಂದ ಅಜ್ಜಿ ನಗುವ ಸದ್ದು ಕೇಳುತ್ತಿತ್ತು. ಕಾಫಿ ತಂದುಕೊಡುವಾಗ ನನ್ನ ಕಡೆ ನೋಡಿ ಹುಬ್ಬು ಹಾರಿಸುತ್ತಿದ್ದರು. ಬಾಯಿ ಮಾತ್ರ ಬಿಡುತ್ತಿರಲಿಲ್ಲ.

ಅದು ಸ್ವಾತಂತ್ರ್ಯದ ಸುವರ್ಣ ವರ್ಷ. ಎಲ್ಲ ಶಾಲೆಗಳಲ್ಲೂ ಏನಾದರೊಂದು ವಸ್ತುಪ್ರದರ್ಶನ. ನಮ್ಮ ಹೆಡ್ಮಾಸ್ಟರಿಗೆ ಪಕ್ಕದ ಶಾಲೆಯವರು ಕೆಂಪುಕೋಟೆ ಕಟ್ಟುತ್ತಿದ್ದಾರೆಂಬ ಸುದ್ದಿ ಸಿಕ್ಕಿ ಊಟ ಸೇರದಾಗಿತ್ತು. ಸ್ಟಾಫ್ ಮೀಟಿಂಗಿನಲ್ಲಿ ಮೇಜು ಕುಟ್ಟಿ, "ಯಾರೂ ಮಾಡದೆ ಇದ್ದದ್ದು ಹೇಳ್ರಿ" ಎಂದರು. ನನ್ನ ಬಾಯಿಗೆ ಅದೆಲ್ಲಿತ್ತೋ ಚೇಷ್ಟೆ, "ಸಾರ್, ನಮ್ಮ ದೇಶದ ಪೈಲಟ್‌ಗಳು ಮೊದಲು ಹಾರಾಡಿ ಕಲಿತ ವಿಮಾನ ಮಾಡೋಣ, ಅಳತೆಗೆ ಅಳತೆ. ಅದನ್ನ ಹಾರಿಸಿದವರೇ ನಮ್ಮ ಮನೆ ಓನರ್" ಎಂದುಬಿಟ್ಟೆ.

ಸಂಜೆ ವಿಷಯ ಹೇಳಿದಾಗ ಅಜ್ಜನ ಮುಖ ನೋಡಬೇಕಿತ್ತು. "ನಂಗೆ ಮಂಡಿನೋವು" ಎಂದರು. "ಧೂಳು ಆಗಲ್ಲ" ಎಂದರು. ಅಷ್ಟರಲ್ಲಿ ಅಜ್ಜಿ ಹೊರಬಂದು, "ಹೋಗ್ತಾರೆ ಹೋಗ್ತಾರೆ, ಯಾಕ ಹೋಗಲ್ಲ? ಇಷ್ಟು ವರ್ಷ ಕಟ್ಟೆ ಮ್ಯಾಲೇ ಹಾರಿದ್ದು ಸಾಕು" ಎಂದು ತೀರ್ಮಾನ ಕೊಟ್ಟರು.

ಜನವರಿಯ ಒಣ ಬಿಸಿಲಿನಲ್ಲಿ ಶಾಲೆಯ ಮೈದಾನದಲ್ಲಿ ಕೆಲಸ ಶುರುವಾಯಿತು. ಹರಿಹರದ ಒಬ್ಬ ಬಡಗಿಯನ್ನು ಹೆಡ್ಮಾಸ್ಟರು ಗೊತ್ತುಮಾಡಿದ್ದರು. ಮೈಗೆ ಬಿದಿರು, ಫ್ಯಾನಿಗೆ ಬೇವಿನ ಹಲಗೆ, ಗಾಲಿಗೆ ಎರಡು ಹಳೆಯ ಸೈಕಲ್ ಚಕ್ರ. ರೆಕ್ಕೆಗೆ ದಾವಣಗೆರೆಯ ಮಿಲ್ಲಿನ ಕೋರಾ ಬಟ್ಟೆ. ಆ ಹೊತ್ತಿಗೆ ಊರಿನ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ಯಾವುದೋ ಅಂಗಡಿಯ ಅಟ್ಟದಲ್ಲಿ ಉಳಿದಿದ್ದ ಥಾನುಗಳು ನಮಗೆ ಸಿಕ್ಕಿದವು. ಅಜ್ಜ ಮೊದಲ ದಿನ ಮುಖ ಗಂಟಿಕ್ಕಿಕೊಂಡೇ ಬಂದರು. ಬಟ್ಟೆಯನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿದರು. ಬೆಳಕಿಗೆ ಹಿಡಿದರು. ಆಮೇಲೆ ಚೀಲದಿಂದ ಗೇಣುದ್ದದ ಒಂದು ಬಾಗಿದ ಸೂಜಿ ತೆಗೆದು, ಮೇಣ ಹಚ್ಚಿದ ದಾರ ಪೋಣಿಸಿ, ಚಕ್ಕಳಮಕ್ಕಳ ಹಾಕಿ ಕೂತವರು ಮಧ್ಯಾಹ್ನದ ಬೆಲ್ಲಿಗೂ ಏಳಲಿಲ್ಲ.

ಅವರ ಕೈ ಓಡುವುದನ್ನು ನೋಡಲು ಹುಡುಗಿಯರು ಪಾಠ ಬಿಟ್ಟು ಕಿಟಕಿಗೆ ಅಂಟಿಕೊಂಡರು. ಬಿದಿರಿನ ಪ್ರತಿ ಪಕ್ಕೆಲುಬಿಗೂ ಸೂಜಿ ಮೇಲಿನಿಂದ ಇಳಿದು, ಕೆಳಗಿನಿಂದ ಎದ್ದು, ಸುತ್ತಿ ಒಂದು ಗಂಟಾಗುತ್ತಿತ್ತು. ಗಂಟಿನಿಂದ ಗಂಟಿಗೆ ಒಂದೇ ಅಂತರ. ಸ್ಕೇಲ್ ಇಟ್ಟು ನೋಡಿದೆ, ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಬಡಗಿ ಉಳಿ ಕೆಳಗಿಟ್ಟು, "ಅಜ್ಜಾರು ಮೊದ್ಲು ಟೇಲರ್ ಅಂಗಡಿ ಇಟ್ಟಿದ್ರಾ?" ಎಂದ.

"ಪೈಲಟ್ ಆದವನಿಗೆ ಎಲ್ಲಾ ಬರಬೇಕಪ್ಪ" ಎಂದರು ಅಜ್ಜ, ತಲೆ ಎತ್ತದೆ.

ನನ್ನ ತಲೆಯೊಳಗೆ ಹುಳ ಬಿಟ್ಟಂತಾಯಿತು.

ಡೋಪ್ ಎಲ್ಲಿಂದ ತರುವುದು? ಅಜ್ಜ ಅಕ್ಕಿಗಂಜಿ, ಮೈದಾ ಸೇರಿಸಿ ಕುದಿಸಿ ಪಾಕ ಮಾಡಿಸಿದರು. ತರಬೇತಿ ವಿಮಾನಕ್ಕೆ ಹಳದಿ ಬಣ್ಣವೇ ಆಗಬೇಕು, ಕಲಿಯುವ ಹುಡುಗ ಬರುತ್ತಿದ್ದಾನೆ ದೂರ ಸರಿಯಿರಿ ಎಂದು ಎಲ್ಲರಿಗೂ ಗೊತ್ತಾಗಬೇಕಲ್ಲ, ಎಂದು ಅದಕ್ಕೆ ಅರಿಶಿನ ಸುರಿದರು. ಮಕ್ಕಳು ಕಸಬರಿಗೆಯಿಂದ ಬಳಿದರು. ಬಿಸಿಲಿಗೆ ಬಟ್ಟೆ ಬಿಗಿದು, ಬೆರಳಲ್ಲಿ ಹೊಡೆದರೆ ಡುಂ ಎನ್ನತೊಡಗಿತು. ಇಡೀ ಶಾಲೆ ಒಗ್ಗರಣೆ ಮನೆಯಂತೆ ಗಮಗುಟ್ಟುತ್ತಿತ್ತು.

ಆ ಪರಿಮಳವೇ ಮುಳುವಾಯಿತು. ಪ್ರದರ್ಶನಕ್ಕೆ ನಾಲ್ಕು ದಿನ ಇರುವಾಗ, ಮಧ್ಯಾಹ್ನ ನಾವೆಲ್ಲ ಊಟಕ್ಕೆ ಹೋಗಿದ್ದ ಹೊತ್ತಿನಲ್ಲಿ, ಹೊಳೆಯಲ್ಲಿ ಮೈ ತೊಳೆಸಿಕೊಂಡು ಮನೆಗೆ ಹೊರಟಿದ್ದ ಎಮ್ಮೆಯೊಂದು ತೆರೆದ ಗೇಟಿನಿಂದ ಒಳಗೆ ಬಂತು. ಕೂಗು ಕೇಳಿ ಓಡಿಬಂದರೆ, ಕೆಳಗಿನ ಎಡ ರೆಕ್ಕೆಯ ಅರ್ಧ ಭಾಗ ಅದರ ಹೊಟ್ಟೆಯಲ್ಲಿ, ಉಳಿದದ್ದು ಬಾಯಲ್ಲಿ. ಮೂತಿಯೆಲ್ಲ ಹಳದಿ. ಅರಿಶಿನ ಶಾಸ್ತ್ರ ಮುಗಿಸಿಕೊಂಡ ಮದುಮಗಳಂತೆ ನಮ್ಮನ್ನೆಲ್ಲ ಸಮಾಧಾನವಾಗಿ ನೋಡುತ್ತ ಅಗಿಯುತ್ತಿತ್ತು.

ನನಗೆ ನಗು ತಡೆಯಲಾಗಲಿಲ್ಲ. ಜೋರಾಗಿಯೇ ನಕ್ಕೆ. ಅಜ್ಜನಿಗೆ ಸಿಟ್ಟು ನೆತ್ತಿಗೇರಿತು.

"ನಗ್ತೀಯಾ? ಒಂದು ಗಂಟು ಸಡ್ಲಾದ್ರೆ ಮೇಲೆ ಹೋದ ಹುಡುಗ ಕೆಳಗೆ ಬೀಳ್ತಾನೆ, ಗೊತ್ತೈತಾ? ನಾನು ರೆಕ್ಕೆ ಹೊಲಿದಷ್ಟು ವರ್ಷ ನನ್ನ ಹೊಲಿಗೆ ಬಿಚ್ಚಿ ಒಬ್ಬನೂ ಬಿದ್ದಿಲ್ಲ! ಒಬ್ಬನೂ!"

ಎಮ್ಮೆಯನ್ನು ಅಟ್ಟುತ್ತಿದ್ದ ಬಡಗಿಗೆ ಇದು ಕೇಳಿಸಲಿಲ್ಲ. ನನಗೆ ಕೇಳಿಸಿತು. ನನಗೆ ಕೇಳಿಸಿದ್ದು ಅಜ್ಜನಿಗೂ ತಿಳಿಯಿತು. ಅವರು ಬಗ್ಗಿ ಹರಿದ ಬಟ್ಟೆಯ ಚೂರುಗಳನ್ನು ಆಯತೊಡಗಿದರು.

ಸಂಜೆ ದಾವಣಗೆರೆಯ ಬಸ್ಸಿನಲ್ಲಿ, ಕಿಟಕಿಯ ಕಡೆ ಮುಖ ಮಾಡಿಕೊಂಡೇ ಅವರು ಎಲ್ಲ ಹೇಳಿದರು. ಅವರ ಮನೆಯವರದು ಬಟ್ಟೆ ಅಂಗಡಿ. ಅಂಗಡಿಯ ಕಟ್ಟೆಯ ಮೇಲೆ ಕೂರುತ್ತಿದ್ದ ದರ್ಜಿಯ ಮಿಷನ್ ತುಳಿದು ತುಳಿದು ಹೊಲಿಗೆ ಕಲಿತಿದ್ದರು. ಸೇನೆಗೆ ಸೇರುವಾಗ ಏನು ಬರುತ್ತೆ ಎಂದು ಕೇಳಿದ್ದಕ್ಕೆ ಇವರು ಹೊಲಿಗೆ ಎಂದರು. ಹೋಗಿ ರೆಕ್ಕೆ ಹೊಲಿ ಎಂದರಂತೆ ಸೇನೆಯವರು. ಟೈಗರ್ ಮಾತ್‌ನ ಬಟ್ಟೆಯನ್ನು ಆಗಾಗ ಬಿಚ್ಚಿ ಹೊಸದು ಹೊದಿಸಬೇಕು. ಕಲಿಯುವ ಹುಡುಗರು ಇಳಿಸುವಾಗ ಮರಕ್ಕೋ ಬೇಲಿಗೋ ತಗುಲಿಸಿ ಹರಿದುಕೊಂಡು ಬರುವುದಂತೂ ದಿನಾ ಇದ್ದದ್ದೇ. ಬೆಳಿಗ್ಗೆ ಮಾತ್ರ ಇನ್ನೊಂದು ಕೆಲಸ: ಪೈಲಟ್ ಸೀಟಿನಲ್ಲಿ ಕೂತು "ಕಾಂಟ್ಯಾಕ್ಟ್" ಎಂದು ಕೂಗಿದಾಗ ಮುಂದೆ ನಿಂತು ಫ್ಯಾನನ್ನು ಕೈಯಿಂದ ಎಳೆದು ತಿರುಗಿಸಿ, ಹಿಂದಕ್ಕೆ ನೆಗೆಯುವುದು. ಐವತ್ತರ ದಶಕದ ನಡುವೆ ನಮ್ಮ ದೇಶದಲ್ಲೇ ಮಾಡಿದ, ಒಂದೇ ಜೊತೆ ರೆಕ್ಕೆಯ ತಗಡಿನ ತರಬೇತಿ ವಿಮಾನ ಬಂತು. ಹಳೆಯವು ಫ್ಲೈಯಿಂಗ್ ಕ್ಲಬ್ಬುಗಳ ಪಾಲಾದವು. ಸೂಜಿಗೆ ಕೆಲಸ ಕಡಿಮೆಯಾಗಿ, ಕೆಲವು ವರ್ಷದ ಮೇಲೆ ಅಜ್ಜ ಊರಿಗೆ ಬಂದರು.

"ಮತ್ತೆ ಪೈಲಟ್ ಅಂತ ಯಾಕೆ?"

"ಮದುವಿ ಮಾತುಕತೆ ಟೈಮಿಗೆ ನಮ್ಮಪ್ಪಗೆ ಒಂದು ಕಾರ್ಡು ಬರೆದಿದ್ದೆ, 'ನಾನು ವಿಮಾನದಲ್ಲಿ ಇದೀನಿ' ಅಂತ. ವಿಮಾನದ ಇಲಾಖೆ ಅಂತ ಬರೀಬೇಕಿತ್ತು, ಕಾರ್ಡಿನಾಗೆ ಜಾಗ ಇರ್ಲಿಲ್ಲ. ನಮ್ಮಪ್ಪ ಅದನ್ನೇ ಹಿಡ್ಕೊಂಡು ಬೀಗರಿಗೆ ಓದಿ ಹೇಳಿದ. ಒಪ್ಪಿಬಿಟ್ರು. ಆಮ್ಯಾಲೆ ಹೆಂಗೆ ಅಲ್ಲ ಅನ್ನೋದು?"

"ಅಜ್ಜಿಗೆ ಗೊತ್ತಾ?"

"ಮದುವಿ ಆಗಿ ಎಂಟು ದಿನಕ್ಕೆ ಅವಳ ಕುಪ್ಪಸ ಹರೀತು. ಸುಮ್ನೆ ಇರಬೇಕಿತ್ತು, ಹೊಲಿದುಕೊಟ್ಟೆ. ಆ ಹೊಲಿಗೆ ನೋಡಿದ್ದೇ ತಡ, ಹಿಡಿದುಬಿಟ್ಲು."

ಒಂದೇ ಒಂದು ಸಲ ಹಾರಿದ್ದರಂತೆ, ಗೋಡೆಯ ಮೇಲಿನ ಟೋಪಿ, ಕನ್ನಡಕ ಅವತ್ತಿನವೇ. ರಿಪೇರಿ ಮಾಡಿದವನನ್ನೇ ಪರೀಕ್ಷೆಗೆ ಕೂರಿಸಿಕೊಂಡು ಹೋಗುವುದು ಅಲ್ಲಿನ ಒಬ್ಬ ಅಧಿಕಾರಿಯ ಪದ್ಧತಿ. ಹಾಗಾದರೆ ಹೊಲಿಗೆ ಗಟ್ಟಿ ಬೀಳುತ್ತದೆ ಎಂದು. "ಹತ್ತಿದಾಗಿಂದ ಇಳಿಯೋತಂಕ ಕಣ್ಣು ಮುಚ್ಕೊಂಡಿದ್ದೆ ಟೀಚರಮ್ಮ. ನೆಲ ಹೆಂಗೆ ಕಾಣ್ತಿತ್ತು ಅಂದ್ರೆ ಏನ್ ಹೇಳ್ಲಿ?"

ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಎರಡು ತಿಂಗಳು ಅವರನ್ನು ಸಿಕ್ಕಿಸಲು ಹೊಂಚು ಹಾಕಿದವಳು ನಾನೇ. ಈಗ ಸಿಕ್ಕಿಬಿದ್ದರೂ ನನಗೆ ಗೆದ್ದ ಖುಷಿಯೇ ಆಗಲಿಲ್ಲ. ಮರುದಿನದಿಂದ ನಾನೂ ಸೂಜಿ ಹಿಡಿದು ಪಕ್ಕ ಕೂತೆ. ಎಮ್ಮೆ ತಿಂದ ರೆಕ್ಕೆಯನ್ನು ಇಬ್ಬರೂ ಸೇರಿ ಮತ್ತೆ ಹೊಲಿದೆವು. ನನ್ನ ಗಂಟುಗಳನ್ನು ಅವರು ಮೂರು ಸಲ ಬಿಚ್ಚಿಸಿದರು.

ಅಷ್ಟರಲ್ಲಿ ಹೆಡ್ಮಾಸ್ಟರು ಇನ್ನೊಂದು ಬಾಂಬು ಹಾಕಿದರು. ದಾವಣಗೆರೆಯ ಸರಸ್ವತಿ ನಗರದಲ್ಲಿ ವಾಯುಸೇನೆಯ ನಿವೃತ್ತ ಅಧಿಕಾರಿಯೊಬ್ಬರು ಇದ್ದಾರಂತೆ, ಅವರೇ ಮುಖ್ಯ ಅತಿಥಿ. ಇಬ್ಬರು ಪೈಲಟ್‌ಗಳು ಒಂದೇ ವೇದಿಕೆಯಲ್ಲಿ! ಆಹ್ವಾನ ಪತ್ರಿಕೆಯೂ ಅಚ್ಚಾಗಿತ್ತು. ಪ್ರೆಸ್ಸಿನವರು 'ಟೈಗರ್ ಮಾತ್' ಎಂಬುದನ್ನು ತಾವೇ ತಿದ್ದಿ 'ಟೈಗರ್ ಮಾತು' ಎಂದು ಹಾಕಿದ್ದರಿಂದ, ಅರ್ಧ ಹರಿಹರ ಯಾರೋ ಹುಲಿಯಂಥ ಭಾಷಣಕಾರರು ಬರುತ್ತಾರೆಂದು ಕಾಯುತ್ತಿತ್ತು.

ಪ್ರದರ್ಶನದ ದಿನ ಬೆಳಿಗ್ಗೆ ಅಜ್ಜ ಚೀಲ ಹಿಡಿದು ಮನೆಯ ಮುಂದಿನ ಮೆಟ್ಟಿಲಿಳಿಯುತ್ತಿದ್ದರು. "ಮಲೆಬೆನ್ನೂರಿಗೆ ಹೋಗ್ಬೇಕು. ಮಗಳ ಮನ್ಯಾಗೆ ಭತ್ತದ ಸಸಿ ನಾಟಿ ಐತೆ."

ಅಜ್ಜಿ ರೇಷ್ಮೆ ಸೀರೆಯುಟ್ಟು ಬಾಗಿಲಲ್ಲೇ ನಿಂತಿದ್ದರು. "ಹೋಗ್ರಿ. ನಾನು ಹರಿಹರಕ್ಕೆ ಹೋಗಿ ಮೈಕಿನಾಗೆ ಕುಪ್ಪಸದ ಕತಿ ಹೇಳ್ತೀನಿ."

ಅಜ್ಜ ಚೀಲ ಒಳಗಿಟ್ಟು ಬಂದರು.

ಮುಖ್ಯ ಅತಿಥಿಗಳು ನೀಲಿ ಕೋಟು, ಎರಡು ಕಡೆ ತಿರುಚಿದ ಮೀಸೆ, ಪಾಲಿಷ್ ಮಾಡಿದ ಬೂಟು ಹಾಕಿಕೊಂಡು ಬಂದರು. ಅಜ್ಜ ಅವರ ಕೈ ಕುಲುಕಿದವರೇ ಹಿಂದೆ ಸರಿದು ನನ್ನ ಪಕ್ಕ ಮರೆಯಾಗಿ ನಿಂತರು. ಹೆಡ್ಮಾಸ್ಟರು ಅತಿಥಿಗಳನ್ನು ವಿಮಾನದೊಳಗೆ ಕೂರಲು ಕೇಳಿಕೊಂಡರು. ಅವರು ಕೋಟು ಹಿಡಿದುಕೊಂಡು ಹತ್ತಿ ಮುಂದಿನ ಸೀಟಿನಲ್ಲಿ ಕೂತು, ಮೈಕು ತೆಗೆದುಕೊಂಡು, "ಮಕ್ಕಳೇ, ಇದೇ ಸೀಟಿನಲ್ಲಿ ಕೂತು ನಾನು ಮೊದಲ ಬಾರಿ ಒಬ್ಬನೇ ಹಾರಿದೆ" ಎಂದರು.

ನಾನು ಅಜ್ಜನನ್ನು ನೋಡಿದೆ, ಅಜ್ಜ ನನ್ನನ್ನು ನೋಡಿದರು. ಈ ವಿಮಾನವನ್ನು ಒಬ್ಬನೇ ಹಾರಿಸುವುದಾದರೆ ಹಿಂದಿನ ಸೀಟಿನಿಂದಲೇ ಹಾರಿಸಬೇಕು. ತೂಕ ಸರಿಹೋಗುವುದೇ ಹಾಗೆ. ಪುಸ್ತಕದಲ್ಲೂ ಇತ್ತು, ಅಜ್ಜನೂ ನೂರು ಸಲ ಹೇಳಿದ್ದರು.

ಹುಡುಗನೊಬ್ಬ ಪೆಟ್ರೋಲ್ ಎಷ್ಟಿದೆ ಎಂದು ಹೇಗೆ ಗೊತ್ತಾಗುತ್ತಿತ್ತು ಎಂದು ಕೇಳಿದ. ಅತಿಥಿಗಳು ಮೊಣಕಾಲಿನ ಹತ್ತಿರ ಬೆರಳು ತೋರಿಸಿ, "ಇಲ್ಲೇ, ಮೀಟರ್ ಇರ್ತಿತ್ತು" ಎಂದರು. ಅವರ ನೆತ್ತಿಯ ಮೇಲೆ ರೆಕ್ಕೆಯ ನಡುವೆ ನಾವು ಕಷ್ಟಪಟ್ಟು ಕೂರಿಸಿದ್ದ ಡಾಲ್ಡಾ ಡಬ್ಬದ ಟ್ಯಾಂಕು ಬಿಸಿಲಿಗೆ ಹೊಳೆಯುತ್ತಿತ್ತು.

ಅಜ್ಜನ ಅಂಜಿಕೆ ಹಾರಿಹೋಯಿತು. ನಿಧಾನಕ್ಕೆ ಮೈಕಿನ ಹತ್ತಿರ ಹೋಗಿ, ಬಹಳ ವಿನಯದಿಂದ, "ಸಾರ್, ಇಂಜಿನ್ ಸ್ಟಾರ್ಟ್ ಮಾಡಾಕೆ ತಾವು ಯಾವ ಬಟನ್ ಒತ್ತುತ್ತಿದ್ರಿ?" ಎಂದು ಕೇಳಿದರು.

ಅತಿಥಿಗಳು ಕ್ಷಣ ಯೋಚಿಸಿ, "ಕೆಂಪು ಬಟನ್" ಎಂದರು.

"ಹೌದ್ಹೌದು. ಕೆಂಪು" ಎಂದರು ಅಜ್ಜ.

ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ಕಂಬದ ಹಿಂದೆ ಹೋದೆ.

ಆಮೇಲೆ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು, "ಅಜ್ಜಾರೆ, ನೀವು ಏನೇನ್ ಸಾಹಸ ಮಾಡಿದ್ರಿ?" ಎಂದಳು. ಅಜ್ಜ ಬಾಯಿ ತೆರೆದರು. ಎಂದಿನ ಕತೆ ಬರುತ್ತದೆಂದುಕೊಂಡೆ. ಅವರು ಒಮ್ಮೆ ಮುಂದಿನ ಸೀಟಿನಲ್ಲಿ ಬೆವರುತ್ತಿದ್ದ ನೀಲಿ ಕೋಟನ್ನು ನೋಡಿದರು. "ನಾನು ಪೈಲಟ್ ಅಲ್ಲಮ್ಮ" ಎಂದರು. "ನಾನು ರೆಕ್ಕೆ ಹೊಲೀತಿದ್ದೆ. ಅಷ್ಟೇ."

ಮೈದಾನದ ತುಂಬ ಚಪ್ಪಾಳೆಯೋ ಚಪ್ಪಾಳೆ. ಹೆಡ್ಮಾಸ್ಟರು ಕಣ್ಣೊರೆಸಿಕೊಂಡು ಮೈಕು ಕಿತ್ತುಕೊಂಡರು. "ನೋಡಿದ್ರಾ ಮಕ್ಕಳೇ, ಎಂಥಾ ವಿನಯ! ದೊಡ್ಡವರು ತಮ್ಮನ್ನ ತಾವು ಹೆಂಗೆ ಸಣ್ಣವರು ಮಾಡ್ಕೋತಾರೆ!"

"ಇಲ್ರಿ, ಖರೇನೇ ಹೇಳ್ತಿದೀನಿ" ಎಂದರು ಅಜ್ಜ. ಚಪ್ಪಾಳೆ ಇನ್ನೂ ಜೋರಾಯಿತು. ಹೆಂಗಸರ ಸಾಲಿನಲ್ಲಿ ಅಜ್ಜಿ ನಕ್ಕು ನಕ್ಕು ಪಕ್ಕದವರ ಭುಜದ ಮೇಲೆ ಒರಗಿದ್ದರು.

ನಿಜವನ್ನು ನಂಬಿದವರು ಒಬ್ಬರೇ. ಸ್ಟಾಫ್ ರೂಮಿನಲ್ಲಿ ಮಂಡಕ್ಕಿ, ಮಿರ್ಚಿ ಹಂಚುತ್ತಿದ್ದಾಗ ಮುಖ್ಯ ಅತಿಥಿಗಳು ಕುರ್ಚಿಯನ್ನು ಅಜ್ಜನ ಹತ್ತಿರ ಎಳೆದುಕೊಂಡರು.

"ಬಟನ್ ಇರ್ಲಿಲ್ಲ, ಅಲ್ವೇನ್ರಿ?" ಎಂದರು ಮೆತ್ತಗೆ.

"ಇರ್ಲಿಲ್ಲ ಸಾರ್. ಕೈಯಾಗೇ ತಿರುಗಿಸ್ಬೇಕು. ತಾವು ಯಾವ ಕಡೆ ಇದ್ರಿ?"

ಅತಿಥಿಗಳು ಮಿರ್ಚಿಯನ್ನು ತಟ್ಟೆಗಿಟ್ಟರು. "ಮೆಸ್ಸು. ಅಡುಗೆ, ಊಟದ ವ್ಯವಸ್ಥೆ. ನಿಮ್ಮ ಹೆಡ್ಮಾಸ್ಟರು ಬಂದು ಪೈಲಟ್ ಸಾಹೇಬ್ರೇ ಅಂದ್ರು. ನಮ್ಮ ಸೊಸೆ ಅಲ್ಲೇ ನಿಂತಿದ್ಲು. ಅಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ."

ಅಜ್ಜ ಅವರ ಕೈ ಹಿಡಿದುಕೊಂಡರು. ಹಿಟ್ಟು ಎಷ್ಟು ಬರುತ್ತಿತ್ತು, ಮೊಟ್ಟೆ ಎಲ್ಲಿಂದ ತರಿಸುತ್ತಿದ್ದರು, ಹಾರಿ ಬಂದ ಹುಡುಗರು ಎಷ್ಟು ಚಪಾತಿ ತಿನ್ನುತ್ತಿದ್ದರು ಎಂದು ಇಬ್ಬರೂ ಬಸ್ಸಿನ ಹೊತ್ತು ಮರೆತು ಮಾತಾಡಿದರು. ಅವತ್ತು ಯಾಕೆ ನಿಜ ಹೇಳಿದಿರಿ ಎಂದು ನಾನು ಆಮೇಲೊಮ್ಮೆ ಕೇಳಿದಾಗ ಅಜ್ಜ, "ಆಯಪ್ಪ ಬೆವರಿದ್ದು ನೋಡಿ ನನಗೇ ಸೆಕೆ ಆತು" ಎಂದಷ್ಟೇ ಹೇಳಿದರು.

ವಿಮಾನ ಒಂದು ವಾರ ಮೈದಾನದಲ್ಲಿತ್ತು. ಬಿದಿರನ್ನು ಶಾಲೆಯ ಜವಾನ ಅವರೆ ಬಳ್ಳಿಗೆ ಒಯ್ದ. ಬಟ್ಟೆಯನ್ನು ಕತ್ತರಿಸಿ ಪ್ರತಿ ಕ್ಲಾಸಿಗೂ ಬೋರ್ಡ್ ಒರೆಸಲು ಹಂಚಿದರು. ನಾವಿಬ್ಬರೂ ಮತ್ತೆ ಹೊಲಿದಿದ್ದ ಎಡ ರೆಕ್ಕೆಯನ್ನು ಮಾತ್ರ ಅಜ್ಜಿ ಬಿಡಲಿಲ್ಲ, ಮನೆಗೆ ಬೇಕೇ ಬೇಕು ಎಂದರು. ದಾವಣಗೆರೆ ಬಸ್ಸಿನ ಟಾಪಿಗೆ ಅದನ್ನು ಏರಿಸುವಾಗ ಕಂಡಕ್ಟರು ಬಂದು ಸೊಂಟದ ಮೇಲೆ ಕೈಯಿಟ್ಟ.

"ಏನ್ರಮ್ಮ ಇದು?"

"ವಿಮಾನದ ರೆಕ್ಕೆ" ಎಂದರು ಅಜ್ಜಿ.

"ವಿಮಾನ ಎಲ್ಲೈತ್ರಿ?"

"ಅದನ್ನ ಇನ್ನೊಂದು ಬಸ್ಸಿಗೆ ತರ್ತೀವಿ. ನೀನು ಗಟ್ಟಿ ಕಟ್ಟು."

ಆ ಬೇಸಿಗೆಯಲ್ಲಿ ರೆಕ್ಕೆ ನನ್ನ ಕೋಣೆಯ ಮುಂದಿನ ತಾರಸಿಯಲ್ಲಿ ನಾಲ್ಕು ಇಟ್ಟಿಗೆಯ ಮೇಲೆ ಮಲಗಿತ್ತು. ಅದರ ಮೇಲೆ ಅಜ್ಜಿ ಸಂಡಿಗೆ ಇಡುತ್ತಿದ್ದರು. ಬಿಗಿದ ಬಟ್ಟೆಯಾದ್ದರಿಂದ ಸಂಡಿಗೆ ಅಂಟುವುದಿಲ್ಲ, ಒಣಗಿದ ಮೇಲೆ ತಳದಲ್ಲಿ ಬಡಿದರೆ ಎಲ್ಲ ಒಟ್ಟಿಗೇ ಎದ್ದು ಬರುತ್ತವೆ ಎಂದು ಬೀದಿಯ ಹೆಂಗಸರಿಗೆಲ್ಲ ಹೇಳಿಕೊಂಡು ತಿರುಗಿದರು. ಎರಡು ಮನೆಯವರು ತಮಗೂ ಒಂದೊಂದು ರೆಕ್ಕೆ ಮಾಡಿಕೊಡಿ ಎಂದು ಕೇಳಿದರು. ಅಜ್ಜ ಕನ್ನಡಕ ಏರಿಸಿಕೊಂಡು ಅಳತೆ ತೆಗೆದುಕೊಂಡರು.